ಜಿಗಣಿಯಲ್ಲಿ ಬೆನ್ನಿಗೊಂದು ಪಾಠ

ಅಥಣಿ ತಾಲ್ಲೂಕಿನ ಅನಂತಪುರದ ಸೀಮೆಯಲ್ಲಿ ಕಬ್ಬು ಕಡಿಯುವವರ ಬೆನ್ನು ದಿನವಿಡೀ ಬಾಗಿಯೇ ಇರುತ್ತದೆ. ಪರೀಕ್ಷೆಗೆ ಓದುವ ಮಕ್ಕಳ ಬೆನ್ನೂ ಹಾಗೆಯೇ. ನೋವು ತಿಂಗಳುಗಟ್ಟಲೆ ಉಳಿದರೆ ಸ್ನಾಯು ಬಿಗಿಯುತ್ತದೆ. ಬಿಗಿದಷ್ಟೂ ನೋವು ಹೆಚ್ಚುತ್ತದೆ.

ಈ ಬಿಗಿತ ಬಿಡಿಸುವುದನ್ನು ಕಲಿಸುವ ತಾಣವೊಂದು ಬೆಂಗಳೂರಿನ ದಕ್ಷಿಣಕ್ಕೆ, ಜಿಗಣಿಯ ಬಳಿ ಇದೆ. ಹೆಸರು ಪ್ರಶಾಂತಿ ಕುಟೀರ. ಇಲ್ಲಿನ ಸಂಶೋಧಕರು ಬಹುಕಾಲದ ಸೊಂಟನೋವಿನ 80 ಮಂದಿಯನ್ನು ಒಂದು ವಾರ ಇಲ್ಲೇ ಉಳಿಸಿಕೊಂಡು ಪರೀಕ್ಷಿಸಿದರು. ಒಂದು ಗುಂಪಿಗೆ ಆಸನ, ಪ್ರಾಣಾಯಾಮ, ಧ್ಯಾನ, ಇನ್ನೊಂದಕ್ಕೆ ವ್ಯಾಯಾಮ. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೋವಿನಿಂದ ನಿತ್ಯದ ಕೆಲಸಕ್ಕೆ ಆಗುತ್ತಿದ್ದ ಅಡ್ಡಿ ಯೋಗದ ಗುಂಪಿನಲ್ಲಿ ಹೆಚ್ಚು ತಗ್ಗಿತ್ತು.

ದೊಡ್ಡ ಆಸ್ಪತ್ರೆಗಳ ಬಯೋಫೀಡ್‌ಬ್ಯಾಕ್ ಯಂತ್ರ ಹೇಳಿಕೊಡುವುದೂ ಇಂಥದೇ ಪಾಠ. ಚರ್ಮಕ್ಕೆ ಅಂಟಿಸಿದ ತಂತಿಗಳ ಮೂಲಕ ಸ್ನಾಯುವಿನ ಬಿಗಿತ ಸದ್ದಾಗಿ ಕೇಳಿಸುತ್ತದೆ, ಇಲ್ಲವೇ ಗೆರೆಯಾಗಿ ಕಾಣುತ್ತದೆ. ಅದನ್ನು ಇಳಿಸುತ್ತ ಇಳಿಸುತ್ತ ರೋಗಿ ಮೈ ಸಡಿಲಿಸಲು ಕಲಿಯುತ್ತಾನೆ.

ಕಾಲು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಉಳಿದಂತೆ ಶವಾಸನಕ್ಕೆ ಯಂತ್ರ ಬೇಡ, ಪಡಸಾಲೆಯಲ್ಲೊಂದು ಚಾಪೆ ಸಾಕು. ಓದುವ ಮಕ್ಕಳ ಪಕ್ಕದಲ್ಲಿ ದುಡಿದು ಬಂದ ಹಿರಿಯರೂ ಹತ್ತು ನಿಮಿಷ ಮಲಗಬಹುದು.