ಬಿಡಿಭಾಗ ಬದಲಿಸುವ ಮೊದಲು

ಬೋಧನಾಭ್ಯಾಸಕ್ಕೆ ನನ್ನನ್ನು ಹಾಕಿದ್ದು ಹೊಳಲ್ಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ. ಊರಿನ ಸುತ್ತ ಅಡಿಕೆ ತೋಟ, ತೋಟಕ್ಕೊಂದರಂತೆ ಬೋರ್‌ವೆಲ್. ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಪಾಠ ನನ್ನ ಪಾಲಿಗೆ ಬಂತು. ಅದೇ ವಾರ ಶಾಲಾ ಕಚೇರಿಯ ಲೇಸರ್ ಪ್ರಿಂಟರ್ ಕೈಕೊಟ್ಟಿತು. ಪರದೆಯ ಮೇಲೆ 50ರಿಂದ ಶುರುವಾಗುವ ಒಂದು ಸಂಖ್ಯೆ, ಕೆಳಗೆ ‘ಫ್ಯೂಸರ್ ಎರರ್’. ಆಫ್ ಮಾಡಿ ಆನ್ ಮಾಡಿದರೆ ಕೆಲವೊಮ್ಮೆ ಸರಿಹೋಗುತ್ತಿತ್ತು, ಕೆಲವೊಮ್ಮೆ ಇಲ್ಲ.

ಹೊಸದುರ್ಗದಲ್ಲಿ ನಮ್ಮ ಸೋದರಮಾವನ ಝೆರಾಕ್ಸ್ ಅಂಗಡಿ ಇದೆ. ಬಿ.ಎಸ್ಸಿ. ಓದುವಾಗ ರಜೆಯಲ್ಲಿ ಅಲ್ಲಿ ಕೂತು ಕೆಲಸ ಮಾಡಿದ್ದೆ. ಅಷ್ಟರಿಂದಲೇ ನನಗೆಲ್ಲ ಗೊತ್ತು ಎಂಬ ಭಾವನೆ. ಮುಖ್ಯ ಶಿಕ್ಷಕರು ಕೇಳಿದಾಗ, “ಫ್ಯೂಸರ್ ಹೋಗಿದೆ ಸರ್, ಹೊಸದು ಹಾಕಿಸಬೇಕು” ಎಂದುಬಿಟ್ಟೆ. ಅವರು ನಂಬಿದರು. ಚಿತ್ರದುರ್ಗಕ್ಕೆ ಹೋಗಿ 4,200 ರೂಪಾಯಿ ಕೊಟ್ಟು ಹೊಸ ಫ್ಯೂಸರ್ ತಂದವಳೂ ನಾನೇ.

ಮಾರನೆಯ ದಿನ ಪ್ರಾರ್ಥನೆಗೆ ಮೊದಲು ಅದನ್ನು ಹಾಕಿದೆವು. ಮೂವತ್ತು ಹಾಳೆ ಸರಾಗವಾಗಿ ಬಂದವು. ಕಚೇರಿಯ ಮೇಡಂ ನನಗೆ ಚಹಾ ತರಿಸಿಕೊಟ್ಟರು. ಮಧ್ಯಾಹ್ನ ಹನ್ನೆರಡಕ್ಕೆ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಮುದ್ರಿಸಲು ಹೋದರೆ ಮತ್ತೆ ಅದೇ ಸಂಖ್ಯೆ, ಅದೇ ಎರರ್. ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಪರೀಕ್ಷೆ ನಡೆಸಿದೆ. ಮುಖ್ಯ ಶಿಕ್ಷಕರು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆ ದುಡ್ಡು ಶಾಲೆಯದು.

ರಾತ್ರಿ ಮಾವನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: “ಏನವ್ವಾ, ಎರರ್ ಯಾವ ಹೊತ್ತಲ್ಲಿ ಬರುತ್ತೆ, ಯಾವ ಹೊತ್ತಲ್ಲಿ ಬರಲ್ಲ, ಬರೆದಿಟ್ಟಿದೀಯಾ?” ಬರೆದಿಟ್ಟಿರಲಿಲ್ಲ.

ಪ್ರಿಂಟರಿನ ಒಳಗೆ ನಡೆಯುವುದು ಇಷ್ಟು. ಟೋನರ್ ಎಂಬುದು ಶಾಯಿಯಲ್ಲ, ಬಣ್ಣ ಬೆರೆಸಿದ ಪ್ಲಾಸ್ಟಿಕ್ ಪುಡಿ. ಸ್ಥಾಯಿ ವಿದ್ಯುತ್ತಿನ ಆಕರ್ಷಣೆಯಿಂದ ಅದು ಕಾಗದದ ಮೇಲೆ ಕೂರುತ್ತದೆ. ಆ ಹಂತದಲ್ಲಿ ಬೆರಳಿಂದ ಒರೆಸಿದರೂ ಹೋಗುತ್ತದೆ. ಫ್ಯೂಸರ್ ಅದನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ, ಒತ್ತಿ, ಕಾಗದಕ್ಕೆ ಅಂಟಿಸುತ್ತದೆ. ಒಳಗೆ ಒಂದು ಹೀಟರ್, ಅದರ ತಾಪ ಅಳೆಯಲು ಒಂದು ಥರ್ಮಿಸ್ಟರ್. ತಾಪ ಏರಿದಂತೆ ಈ ಥರ್ಮಿಸ್ಟರಿನ ರೋಧ ಇಳಿಯುತ್ತದೆ. ಇಷ್ಟು ಸೆಕೆಂಡಿನೊಳಗೆ ಇಷ್ಟು ಬಿಸಿಯಾಗಬೇಕು ಎಂಬ ಲೆಕ್ಕ ಯಂತ್ರದಲ್ಲಿರುತ್ತದೆ. ಆಗದಿದ್ದರೆ ಅದು ಹೀಟರನ್ನು ನಿಲ್ಲಿಸಿ ಎರರ್ ತೋರಿಸುತ್ತದೆ. ಅಂದರೆ ಆ ಸಂಖ್ಯೆ ಹೇಳುತ್ತಿದ್ದುದು ‘ಹೊತ್ತಿಗೆ ಸರಿಯಾಗಿ ಬಿಸಿಯಾಗಲಿಲ್ಲ’ ಎಂದು ಮಾತ್ರ. ‘ಫ್ಯೂಸರ್ ಕೆಟ್ಟಿದೆ’ ಎಂದು ಅದರಲ್ಲಿ ಓದಿಕೊಂಡವಳು ನಾನು.

ನಾಲ್ಕು ದಿನ ಒಂದು ಹಾಳೆಯಲ್ಲಿ ಸಮಯ ಬರೆದೆ. ಬೆಳಿಗ್ಗೆ ಹತ್ತರ ಒಳಗೆ ಒಂದು ಸಲವೂ ಎರರ್ ಇಲ್ಲ. ಹನ್ನೊಂದರಿಂದ ಎರಡರವರೆಗೆ ಹೆಚ್ಚುಕಡಿಮೆ ಪ್ರತಿ ಸಲ. ಆ ಊರಿಗೆ ತ್ರೀಫೇಸ್ ಕರೆಂಟ್ ಬಂದು ತೋಟದ ಮೋಟರುಗಳೆಲ್ಲ ಓಡುವ ಹೊತ್ತು ಅದು.

ಪ್ಲಗ್ ಕಿತ್ತು, ತಣ್ಣಗಾದ ಮೇಲೆ, ಪ್ರಯೋಗಾಲಯದ ಮಲ್ಟಿಮೀಟರಿನಿಂದ ಎರಡೂ ಫ್ಯೂಸರುಗಳ ಹೀಟರ್ ಅಳೆದೆ. ಹಳೆಯದೂ 70 ಓಮ್ ಆಸುಪಾಸು, ಹೊಸದೂ ಅಷ್ಟೇ. ಹಳೆಯದು ಕೆಟ್ಟೇ ಇರಲಿಲ್ಲ. ಮರುದಿನ ಹನ್ನೆರಡಕ್ಕೆ ಊರಿನ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿದೆವು. ಗೋಡೆಯ ಸಾಕೆಟ್ಟಿನಲ್ಲಿ 205 ವೋಲ್ಟ್ ಇತ್ತು. ಪ್ರಿಂಟರ್ ಬಿಸಿಯಾಗುವಾಗ ಅಲ್ಲಿ ಅಷ್ಟೇನೂ ಇಳಿಯಲಿಲ್ಲ. ಆದರೆ ಪ್ರಿಂಟರಿಗೆ ಹಾಕಿದ್ದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಅದೇ ಹೊತ್ತಿಗೆ 171! ಅಣ್ಣ ಬೋರ್ಡಿನ ಪ್ಲಗ್ ಎಳೆದು ತೋರಿಸಿದರು. ಒಂದು ಪಿನ್ನಿನ ಬುಡ ಸಡಿಲವಾಗಿ ಕಂದು ಬಣ್ಣಕ್ಕೆ ತಿರುಗಿತ್ತು. “ಇನ್ನೊಂದು ತಿಂಗಳು ಬಿಟ್ಟಿದ್ರೆ ಹೊಗೆ ಬರ್ತಿತ್ತು ಮೇಡಂ” ಎಂದರು. ಪಕ್ಕದಲ್ಲೇ ಕಾಗದದ ರೀಮುಗಳಿದ್ದವು.

ಲೆಕ್ಕ ಹಾಕಿದೆ. ಸಾಮರ್ಥ್ಯ ಎಂದರೆ ವಿಭವಾಂತರದ ವರ್ಗವನ್ನು ರೋಧದಿಂದ ಭಾಗಿಸುವುದು. 220 ವೋಲ್ಟಿಗೆ 691 ವ್ಯಾಟ್. 171ಕ್ಕೆ 418 ವ್ಯಾಟ್. ವೋಲ್ಟೇಜ್ ಕಾಲುಭಾಗಕ್ಕಿಂತ ಕಡಿಮೆ ಇಳಿದರೂ ಶಾಖ ನೂರಕ್ಕೆ ನಲವತ್ತರಷ್ಟು ಇಳಿದಿದೆ. ಆ ಸಡಿಲ ಪಿನ್ನು ಸರಣಿಯಲ್ಲಿ ಸೇರಿಕೊಂಡ ಸುಮಾರು 14 ಓಮಿನ ರೋಧ. ಫ್ಯೂಸರಿಗೆ ಸೇರಬೇಕಾದ ಶಾಖದಲ್ಲಿ ಎಂಬತ್ತು ವ್ಯಾಟಿಗೂ ಹೆಚ್ಚು ಪ್ಲಗ್ಗಿನಲ್ಲೇ ಉರಿಯುತ್ತಿತ್ತು. ಬೆಳಿಗ್ಗೆ ಲೈನಿನಲ್ಲಿ ವೋಲ್ಟೇಜ್ ಚೆನ್ನಾಗಿದ್ದಾಗ ಈ ನಷ್ಟ ಮುಚ್ಚಿಹೋಗುತ್ತಿತ್ತು. ಮೋಟರುಗಳು ಶುರುವಾದ ಮೇಲೆ ಬಯಲಾಗುತ್ತಿತ್ತು. ಎಕ್ಸ್‌ಟೆನ್ಷನ್ ತೆಗೆದು ಹೊಸ ಸಾಕೆಟ್ಟಿನಿಂದ ನೇರವಾಗಿ ಕೊಟ್ಟ ಮೇಲೆ, ನಾನು ಅಲ್ಲಿದ್ದಷ್ಟು ದಿನ ಎರರ್ ಬರಲಿಲ್ಲ. ಖರ್ಚಾದದ್ದು ಮುನ್ನೂರು ರೂಪಾಯಿ ಚಿಲ್ಲರೆ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಈ ಪತ್ರಿಕೆಗೆ ಬರೆಯುತ್ತಿರಲಿಲ್ಲ.

ಅದೇ ಶನಿವಾರ ಹಿರಿಯೂರಿನ ಮನೆಗೆ ಹೋಗುವಾಗ ಘಟಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಬಸ್ಸಿನಲ್ಲಿ ನೋಡುತ್ತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಜೌಲನ ನಿಯಮದ ಮೂರು ಲೆಕ್ಕಗಳಲ್ಲಿ ಒಂದನ್ನು ಸರಿ ಮಾಡಿ ಎರಡನ್ನು ತಪ್ಪು ಮಾಡಿದ್ದಳು. ನನ್ನ ನೈದಾನಿಕ ದಾಖಲೆಯಲ್ಲಿ ಅವಳ ಹೆಸರಿನ ಮುಂದೆ ಆಗಲೇ ಬರೆದಿದ್ದೆ: ‘ಅಜಾಗರೂಕತೆ. ಪರಿಹಾರ: ಸೂತ್ರವನ್ನು ಹತ್ತು ಸಲ ಬರೆಸುವುದು.’ ಅವಳು ಬರೆದೂ ಇದ್ದಳು, ದುಂಡಗೆ. ಆದರೂ ತಪ್ಪು ಹೋಗಿರಲಿಲ್ಲ. ಮಾವನ ಪ್ರಶ್ನೆ ನೆನಪಾಯಿತು. ಯಾವಾಗ ಬರುತ್ತೆ, ಯಾವಾಗ ಬರಲ್ಲ?

ಸರಿಯಾದ ಲೆಕ್ಕದಲ್ಲಿ ಪ್ರವಾಹ 2 ಆಂಪಿಯರ್. ತಪ್ಪಾದವುಗಳಲ್ಲಿ 3 ಮತ್ತು 5. ಅವಳು 3ರ ವರ್ಗಕ್ಕೆ 6 ಬರೆದಿದ್ದಳು, 5ರ ವರ್ಗಕ್ಕೆ 10. ವರ್ಗ ಎಂದರೆ ಎರಡರಿಂದ ಗುಣಿಸುವುದು ಎಂದುಕೊಂಡಿದ್ದಳು. 2ರಲ್ಲಿ ಮಾತ್ರ ಎರಡೂ ದಾರಿಗೆ 4 ಬರುತ್ತದೆ. ನಾನು ತರಗತಿಯಲ್ಲಿ ಕೊಟ್ಟ ಉದಾಹರಣೆಗಳಲ್ಲೆಲ್ಲ ಸುಲಭವಾಗಲೆಂದು 2 ಆಂಪಿಯರ್ ಇಟ್ಟಿದ್ದೆ. ಅವಳ ತಪ್ಪು ಬಯಲಾಗಲು ನಾನೇ ಅವಕಾಶ ಕೊಟ್ಟಿರಲಿಲ್ಲ.

ಸೋಮವಾರ ಅವಳನ್ನು ಕೂರಿಸಿಕೊಂಡು 3 ಸೆಂಟಿಮೀಟರ್ ಬಾಹುವಿನ ಚೌಕ ಬರೆಸಿ ಒಳಗಿನ ಮನೆಗಳನ್ನು ಎಣಿಸಲು ಹೇಳಿದೆ. ಒಂಬತ್ತು ಎಣಿಸಿ ನನ್ನ ಮುಖ ನೋಡಿದಳು. “ಹಂಗಾದ್ರೆ ಇಷ್ಟು ದಿನ ನಾನು ಮಾಡಿದ್ದೆಲ್ಲ ತಪ್ಪಾ ಮಿಸ್?” ಎಂದಳು. “ನನ್ನದೂ ತಪ್ಪೇ ಕಣೇ” ಎಂದೆ. ಆಮೇಲಿನ ಲೆಕ್ಕಗಳನ್ನು ಅವಳೇ ಮಾಡಿದಳು. ಇಡೀ ಪರಿಹಾರ ಬೋಧನೆಗೆ ಹತ್ತು ನಿಮಿಷ ಹಿಡಿಯಿತು.

ಕಾಲೇಜಿನಲ್ಲಿ ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂದು ಟಿಪ್ಪಣಿ ಬರೆದು ಅಂಕ ಪಡೆದಿದ್ದೇವೆ. ನಾನು ಮಾತ್ರ ಎರಡು ಸಲವೂ ನಿದಾನ ಬಿಟ್ಟು ನೇರ ಪರಿಹಾರಕ್ಕೆ ಹೋಗಿದ್ದೆ. ಮೊದಲ ಸಲ ಶಾಲೆಯ 4,200 ರೂಪಾಯಿ ಹೋಯಿತು. ಎರಡನೆಯ ಸಲ ಒಂದು ಮಗುವಿನ ಹೆಸರಿನ ಮುಂದೆ ಅವಳದಲ್ಲದ ದೋಷ ಬರೆದೆ. ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದ್ದೇನೆ.

ಮುಖ್ಯ ಶಿಕ್ಷಕರಿಗೆ ಎಲ್ಲವನ್ನೂ ಹೇಳಿದೆ. ಅವರು ನಕ್ಕು, ಹಳೆಯ ಫ್ಯೂಸರನ್ನು ಪ್ರಯೋಗಾಲಯಕ್ಕೆ ಕೊಟ್ಟರು. ಈಗ ಅದು ವಿದ್ಯುಚ್ಛಕ್ತಿ ಪಾಠದ ಬೋಧನೋಪಕರಣ. ಮುಂದಿನ ವರ್ಷ ಆ ಶಾಲೆಗೆ ಹೋಗುವ ಗೆಳೆಯರು ಬೀರುವಿನ ಕೆಳಗಿನ ಅರೆಯಲ್ಲಿ ನೋಡಬಹುದು. ಅದರ ಜೊತೆಗೆ ನಾಲ್ಕು ದಿನ ಸಮಯ ಬರೆದ ಹಾಳೆಯನ್ನೂ ಇಟ್ಟಿದ್ದೇನೆ.