ವಿದ್ವಾಂಸರ ಮನೆಯ ಪೆಟ್ಟಿಗೆ

ಮಂಡ್ಯ ತಾಲ್ಲೂಕಿನ ಕೆರಗೋಡಿನಲ್ಲಿ ಹಿಂದೆ ಒಂದು ವಿದ್ವಾಂಸರ ಮನೆಯಿತ್ತು. ಮನೆಯೆಂದರೆ ದೊಡ್ಡದೇನೂ ಅಲ್ಲ. ನಾಡಹೆಂಚಿನ ಮಾಡು, ಒಂದು ಜಗಲಿ, ನಡುಮನೆ, ಅಡಿಗೆಯ ಕೋಣೆ, ಹಿತ್ತಿಲಲ್ಲಿ ಎರಡು ತೆಂಗಿನ ಮರ. ಆದರೆ ನಡುಮನೆಯ ಮೂಲೆಯಲ್ಲಿ ಹಲಸಿನ ಹಲಗೆಯ ಪೆಟ್ಟಿಗೆಯೊಂದಿತ್ತು. ಆ ಮನೆಯ ಐಶ್ವರ್ಯವೆಲ್ಲವೂ ಅದರೊಳಗೆ ಇದ್ದಿತೆಂದು ಮನೆಯವರು ನಂಬಿದ್ದರು. ಒಂದು ಜೊತೆ ಜರಿಯಂಚಿನ ಶಾಲು, ಕೆಂಪು ವಸ್ತ್ರದಲ್ಲಿ ಸುತ್ತಿದ ಕೆಲವು ಓಲೆಗರಿಯ ಕಟ್ಟುಗಳು, ಮಡಿಕೆಗಳಲ್ಲಿ ಹರಿಯತೊಡಗಿದ್ದ ಒಂದು ಯೋಗ್ಯತಾಪತ್ರ, ಇಷ್ಟೇ. ಮನೆಯ ಹಿರಿಯರು ಮೈಸೂರಿನ ಮಹಾರಾಜರ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿ, ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಿಂದ ಪಡೆದು ತಂದ ಶಾಲು ಅದು. ಅವರು ಓದಿದ ಕಾಲದಲ್ಲಿ ಮೈಸೂರಿನಲ್ಲಿ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ವಾರದ ಯಾವುದೋ ಒಂದು ದಿನಕ್ಕೆ ಮನೆ ದೊರೆಯದಿದ್ದರೆ ಆ ದಿನ ಏಕಾದಶಿಯೆಂದು ಭಾವಿಸುವುದೇ ಆಗಿನ ವಿದ್ಯಾರ್ಥಿಗಳ ಪದ್ಧತಿ. ಈ ಸಂಗತಿಯನ್ನು ಅವರು ಜೀವಮಾನವೆಲ್ಲ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ಅವರ ಮಗನೂ ಪಂಡಿತನೇ. ಊರಿನವರು ಅವರನ್ನು ಶಾಸ್ತ್ರಿಗಳೆಂದೇ ಕರೆಯುತ್ತಿದ್ದರು. ಪ್ರೌಢಶಾಲೆಯಲ್ಲಿ ಸಂಸ್ಕೃತದ ಉಪಾಧ್ಯಾಯರಾಗಿ, ಅಲ್ಪ ವೇತನದಲ್ಲಿ ನೂರಾರು ಮಕ್ಕಳಿಗೆ ಶಬ್ದಮಂಜರಿಯನ್ನು ಬಾಯಿಪಾಠ ಮಾಡಿಸಿದವರು. ಮನೆಗೆ ಯಾರಾದರೂ ಅತಿಥಿಗಳು ಬಂದರೆ ಪೆಟ್ಟಿಗೆಯು ತೆರೆಯಲೇಬೇಕು. ಶಾಸ್ತ್ರಿಗಳು ಶಾಲನ್ನು ತೊಡೆಯ ಮೇಲೆ ಹರಡಿಕೊಂಡು ತಂದೆಯವರ ವಾಕ್ಯಾರ್ಥದ ಕಥೆಯನ್ನು ಹೇಳುತ್ತಿರುವಾಗ, ಅವರ ಪತ್ನಿಯು ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಹೋಗಿ ಒಂದು ಬಟ್ಟಲು ಸಕ್ಕರೆಯನ್ನು ಕಡ ತರುತ್ತಿದ್ದರು. ೧೯೩೩ರಲ್ಲಿ ಸಕ್ಕರೆಯ ಕಂಪನಿಯು ಸ್ಥಾಪನೆಯಾದ ಮೇಲೆ ಮಂಡ್ಯದ ಸೀಮೆಯು ಸಕ್ಕರೆಯ ನಾಡೆಂದು ಹೆಸರಾಯಿತು. ಆ ನಾಡಿನ ವಿದ್ವಾಂಸರ ಮನೆಯಲ್ಲಿ ಕಾಫಿಗೆ ಸಕ್ಕರೆಯು ಪಕ್ಕದ ಮನೆಯಿಂದ ಬರಬೇಕಾಗಿತ್ತು. ಅತಿಥಿಗಳಿಗೆ ಇದು ತಿಳಿಯುತ್ತಿರಲಿಲ್ಲ. ಶಾಸ್ತ್ರಿಗಳಿಗೂ ತಿಳಿಯುತ್ತಿರಲಿಲ್ಲವೆಂದರೆ ವಾಚಕರು ನಂಬಲಾರರು. ಆದರೆ ತಿಳಿಯದಂತೆ ಇರುವುದು ಆ ಮನೆಯಲ್ಲಿ ಒಂದು ವ್ರತವಾಗಿತ್ತು.

ಮೊದಲಿನಿಂದಲೂ ಹೀಗಿರಲಿಲ್ಲ. ಹಿರಿಯರ ಕಾಲದಿಂದ ಮೂರು ಎಕರೆ ಗದ್ದೆ ಇತ್ತು. ಅದನ್ನು ಊರಿನ ಗೌಡರೊಬ್ಬರು ಗೇಣಿಗೆ ಮಾಡುತ್ತಿದ್ದರು. ಸುಗ್ಗಿಯಾದೊಡನೆ ಹದಿನೈದು ಪಲ್ಲ ಭತ್ತವು ಗಾಡಿಯಲ್ಲಿ ಬಂದು ಮನೆಯ ಮುಂದೆ ಇಳಿಯುತ್ತಿತ್ತು. ೧೯೭೪ರ ಮಾರ್ಚ್ ಒಂದನೆಯ ತಾರೀಖಿನಿಂದ ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದು, ಗೇಣಿಯ ಭೂಮಿಗಳೆಲ್ಲ ಸರಕಾರದಲ್ಲಿ ನಿಹಿತವಾಗಿ, ಉಳುವವರ ಹೆಸರಿಗೆ ದಾಖಲಾಗತಕ್ಕದ್ದೆಂದು ಆಯಿತು. ಮೂರು ತಲೆಮಾರು ಕೆಸರಿನಲ್ಲಿ ನಿಂತವನಿಗೆ ಆ ಮಣ್ಣು ಸೇರಿದ್ದು ನ್ಯಾಯವಲ್ಲವೆಂದು ಹೇಳುವ ಬಾಯಿಯು ಯಾರಿಗಿದೆ? ಶಾಸ್ತ್ರಿಗಳೂ ಹಾಗೆ ಹೇಳಲಿಲ್ಲ. ನ್ಯಾಯಸ್ಥಾನದಲ್ಲಿ ತಕರಾರು ಹೂಡಿರೆಂದು ಬಂಧುಗಳು ಪ್ರೇರಿಸಿದಾಗ, "ಅವನ ತಂದೆ ನಮ್ಮ ತಂದೆಯವರ ಶವಕ್ಕೆ ಸೌದೆ ಹೊತ್ತವನು, ಅವನ ಮೇಲೆ ನಾನು ಹೋಗಲೇ?" ಎಂದು ಕೇಳಿ ಸುಮ್ಮನಾದರು. ಮುಂದಿನ ಸುಗ್ಗಿಯಲ್ಲಿ ಗೌಡರು ಹಳೆಯ ಮರ್ಯಾದೆಗೆಂದು ಎರಡು ಮೂಟೆ ಭತ್ತವನ್ನು ತಂದು ಜಗಲಿಯ ಮೇಲಿಟ್ಟರು. ಶಾಸ್ತ್ರಿಗಳು ಕುಶಲವನ್ನು ವಿಚಾರಿಸಿ, ಮಜ್ಜಿಗೆಯನ್ನು ಕೊಡಿಸಿ, ಮೂಟೆಗಳನ್ನು ಹಿಂದಕ್ಕೆ ಕಳುಹಿಸಿದರು. ಒಳಗೆ ಅಕ್ಕಿಯ ಡಬ್ಬಿಯ ತಳವನ್ನು ಕೆರೆಯುತ್ತಿದ್ದ ಗೃಹಿಣಿಯು ಆ ಮಾತುಗಳನ್ನೆಲ್ಲ ಕೇಳಿದರು.

ಕುಲಾಭಿಮಾನವು ಒಳ್ಳೆಯದೇ. ಅದಿಲ್ಲದಿದ್ದರೆ ಹಸಿದ ಪಂಡಿತರ ಮಕ್ಕಳು ಓದುತ್ತಿರಲಿಲ್ಲ. ಆದರೆ ಅಭಿಮಾನವನ್ನು ಹೊರುವವರು ಒಬ್ಬರು, ಅದರ ಬೆಲೆಯನ್ನು ತೆರುವವರು ಇನ್ನೊಬ್ಬರು ಎಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ. ಡಿ. ವಿ. ಗುಂಡಪ್ಪನವರ ನಿಃಸ್ಪೃಹತೆಯನ್ನು ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡತಕ್ಕದ್ದೇ. ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ ದಾಟದ ಆ ಮಹನೀಯರಿಗೆ ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಡಾಕ್ಟರ್ ಪದವಿಯನ್ನಿತ್ತು ತನ್ನನ್ನೇ ಗೌರವಿಸಿಕೊಂಡಿತು. ೧೯೭೦ರಲ್ಲಿ ನಾಡಿನವರು ಅರ್ಪಿಸಿದ ಗೌರವನಿಧಿಯನ್ನು ಅವರು ಹಾಗೆಯೇ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿದರು. ಆದರೆ ಅವರ ಎಳೆಯ ಸಂಸಾರದ ದಿನಗಳ ಪ್ರಸಂಗವೊಂದನ್ನು ಬಲ್ಲವರು ಹೇಳುತ್ತಾರೆ. ಬಂಧುಗಳ ಮನೆಯಲ್ಲಿ ಒಂದು ಸಮಾರಂಭ. ಪತ್ನಿ ಭಾಗೀರಥಮ್ಮನವರು ಹೊರಡಲಿಲ್ಲ. ಏಕೆಂದು ಗುಂಡಪ್ಪನವರು ಕೇಳಿದರು. ಉಟ್ಟುಕೊಂಡು ಹೊರಗೆ ಹೋಗತಕ್ಕ ಸೀರೆಯೊಂದೂ ನೆಟ್ಟಗಿರಲಿಲ್ಲ. ಹರಿದುದನ್ನು ಉಟ್ಟು ನಾಲ್ಕು ಜನರ ಮುಂದೆ ನಿಂತರೆ ಗಂಡನ ಹೆಸರಿಗೆ ಕುಂದು ಬಂದೀತೆಂದು ಆಕೆ ಮನೆಯಲ್ಲಿಯೇ ಉಳಿದಿದ್ದರು. ಆ ಸಾಧ್ವಿಯು ೧೯೨೪ರಲ್ಲಿಯೇ ತೀರಿಕೊಂಡರು. ಡಾಕ್ಟರ್ ಪದವಿಯನ್ನೂ ಗೌರವನಿಧಿಯನ್ನೂ ಅವರು ಕಾಣಲಿಲ್ಲ.

ಕೆರಗೋಡಿನ ಗೃಹಿಣಿಯ ಕೈಯಲ್ಲಿ ಎರಡು ಜೊತೆ ಚಿನ್ನದ ಬಳೆಗಳಿದ್ದವು. ಒಂದು ಜೊತೆಯು ಮಗಳು ಪಿ. ಯು. ಸಿ.ಗೆಂದು ದಿನವೂ ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗಿಬರಲಾರಂಭಿಸಿದ ವರ್ಷ ಕಾಣದಾಯಿತು. ಇನ್ನೊಂದು ಜೊತೆಯು ಮಾರನೆಯ ವರ್ಷ. "ಸೆಕೆಗೆ ಕೈಯೆಲ್ಲ ಕಡಿತ ಏಳುತ್ತದೆ, ಗಾಜಿನದೇ ತಣ್ಣಗೆ" ಎಂದು ಆಕೆ ಹೇಳಿದರು. ಶಾಸ್ತ್ರಿಗಳು ಹೌದೆಂದರು. ಮಂಡ್ಯದ ಗಿರವಿ ಅಂಗಡಿಯ ಚೀಟಿಗಳು ಮೆಂತ್ಯದ ಡಬ್ಬಿಯೊಳಗಿದ್ದವು.

ಹುಡುಗಿಯು ಪಿ. ಯು. ಸಿ.ಯಲ್ಲಿ ಉತ್ತಮ ಅಂಕಗಳನ್ನು ಪಡೆದು ತೇರ್ಗಡೆಯಾದಳು. ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ವಿಜ್ಞಾನವನ್ನು ಓದಬೇಕೆಂಬುದು ಅವಳ ಹಂಬಲ. ಶಾಸ್ತ್ರಿಗಳ ಸಂತೋಷಕ್ಕೆ ಪಾರವಿಲ್ಲ. ಮೂರು ದಿನ ಪೆಟ್ಟಿಗೆಯು ಮುಚ್ಚಲೇ ಇಲ್ಲ. ತಾತನ ಯೋಗ್ಯತಾಪತ್ರದ ಮೇಲೆ ಮೊಮ್ಮಗಳ ಅಂಕಪಟ್ಟಿಯನ್ನಿಟ್ಟು ಬಂದವರಿಗೆಲ್ಲ ತೋರಿಸಿದರು. ನಾಲ್ಕನೆಯ ದಿನ ವಿದ್ಯಾರ್ಥಿನಿಲಯದ ಖರ್ಚಿನ ಮಾತು ಬಂದಿತು. ವಾರಾನ್ನದ ಕಾಲವು ಹೋಗಿತ್ತು. ಇದ್ದಿದ್ದರೂ ಹೆಣ್ಣುಮಗುವನ್ನು ಹಾಗೆ ಕಳುಹಿಸುವಂತಿರಲಿಲ್ಲ.

ಅರ್ಹತೆಯನ್ನೂ ಆದಾಯವನ್ನೂ ನೋಡಿ ಕೊಡುವ ಸರಕಾರದ ವಿದ್ಯಾರ್ಥಿವೇತನವಿತ್ತು. ಅದಕ್ಕೆ ಗ್ರಾಮಲೆಕ್ಕಿಗರ ವರದಿ, ತಹಸೀಲ್ದಾರರ ಮೊಹರು ಬಿದ್ದ ಆದಾಯದ ಪ್ರಮಾಣಪತ್ರ. "ವಿದ್ವಾಂಸರ ಮೊಮ್ಮಗಳು ಬಡವಳೆಂದು ಕಚೇರಿಯಲ್ಲಿ ಬರೆಸಿಕೊಂಡು ಬರಲೇ?" ಎಂದರು ಶಾಸ್ತ್ರಿಗಳು. ಶಾಲೆಯ ಮುಖ್ಯೋಪಾಧ್ಯಾಯರು ಮನೆಗೆ ಬಂದು ವಿಶ್ವೇಶ್ವರಯ್ಯನವರ ದೃಷ್ಟಾಂತವನ್ನು ಹೇಳಿದರು. ಅವರ ತಂದೆಯೂ ಸಂಸ್ಕೃತ ವಿದ್ವಾಂಸರೇ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆಹೊರೆದುಕೊಂಡು, ೧೮೮೧ರಲ್ಲಿ ಬಿ. ಎ. ಪದವಿಯನ್ನು ಪಡೆದನು. ಮುಂದೆ ಮೈಸೂರು ಸರಕಾರದ ವಿದ್ಯಾರ್ಥಿವೇತನವಿಲ್ಲದಿದ್ದರೆ ಪುಣೆಗೆ ಹೋಗುವುದೆಲ್ಲಿ, ೧೮೮೩ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾಗುವುದೆಲ್ಲಿ? ಆ ಹಣವನ್ನು ಅಂದು ಬೇಡವೆಂದಿದ್ದರೆ ಮಂಡ್ಯದ ಗದ್ದೆಗಳಿಗೆ ಇಂದು ನಾಲೆಯ ನೀರು ಹರಿಯುತ್ತಿತ್ತೇ ಎಂದು ಕೇಳಿದರು. ಶಾಸ್ತ್ರಿಗಳು ತಾರ್ಕಿಕರು. "ಅದು ಪ್ರತಿಭೆಗೆ ಸಂದದ್ದು, ಇದು ದಾರಿದ್ರ್ಯಕ್ಕೆ ಸಲ್ಲುವುದು, ದೃಷ್ಟಾಂತವು ಹೊಂದುವುದಿಲ್ಲ" ಎಂದುಬಿಟ್ಟರು. ಮುಖ್ಯೋಪಾಧ್ಯಾಯರು ಎದ್ದುಹೋದರು.

ಅಂದಿನ ಸಂಜೆ ಗೌಡರು ಬಂದರು. ಜಗಲಿಯ ಮೇಲೆ ಕುಳಿತುಕೊಳ್ಳಿರೆಂದರೂ ಕೂರದೆ, ವಾಡಿಕೆಯಂತೆ ಕಂಬವನ್ನು ಹಿಡಿದು ನಿಂತರು. "ಅಯ್ನೋರೇ, ನಮ್ ಹುಡ್ಗ ಬೆಂಗ್ಳೂರಲ್ಲಿ ಓದ್ತಾ ಇರೋದು ಅದೇ ದುಡ್ಡಲ್ಲಿ. ಗದ್ದೆ ನಮ್ ಹೆಸ್ರಿಗೆ ಆಯ್ತು, ಆದ್ರೂ ಸಾಲ ತೀರಿಲ್ಲ, ನಾನೂ ಹೋಗಿ ಬರೆಸ್ದೆ. ಬರಕೊಳ್ಳೋದು ಅವ್ರ ಪುಸ್ತಕದಾಗೆ, ನಮ್ ಹಣೆ ಮೇಲಲ್ಲ" ಎಂದರು. ಶಾಸ್ತ್ರಿಗಳು ಉತ್ತರ ಕೊಡಲಿಲ್ಲ. ಒಳಗಿನಿಂದ ಗೃಹಿಣಿಯು ಮೆಂತ್ಯದ ಡಬ್ಬಿಯನ್ನು ತಂದು, ಗೌಡರು ಹೊರಟುಹೋಗುವವರೆಗೂ ಕಾದಿದ್ದು, ಆಮೇಲೆ ಅದನ್ನು ಗಂಡನ ಮುಂದೆ ಇಟ್ಟರು. ಚೀಟಿಗಳು ಏಳು ಇದ್ದವು. ಬಳೆಗಳಲ್ಲದೆ ಓಲೆ, ಬೆಳ್ಳಿಯ ಪಂಚಪಾತ್ರೆ, ಹಿರಿಯರು ಸಂಧ್ಯಾವಂದನೆಗೆ ಉಪಯೋಗಿಸುತ್ತಿದ್ದ ಉದ್ಧರಣೆ. "ನೀವು ಯಾರ ಹತ್ತಿರವೂ ಬರೆಸಲಿಲ್ಲ. ನಾನು ಬರೆಸಿದ್ದೇನೆ, ನೋಡಿ, ಏಳು ಸಾರಿ" ಎಂದರು.

ಶಾಸ್ತ್ರಿಗಳು ಚೀಟಿಗಳನ್ನು ಒಂದೊಂದಾಗಿ ದೀಪದ ಬಳಿ ಹಿಡಿದು ಓದಿದರು. ಎಲ್ಲ ಚೀಟಿಗಳ ಮೇಲೂ ಅವರ ತಂದೆಯವರ ಬಿರುದು ಇತ್ತು: ವಿದ್ವಾನ್ ಇಂಥವರ ಸೊಸೆ. ಅಂಗಡಿಯವನು ವಿಳಾಸವನ್ನು ಕೇಳಿದಾಗ ಆಕೆ ಹಾಗೆಯೇ ಹೇಳಿದ್ದರು.

ಮಾರನೆಯ ದಿನ ಶಾಸ್ತ್ರಿಗಳು ಒಗೆದ ಪಂಚೆಯನ್ನುಟ್ಟು, ಮೊದಲನೆಯ ಬಸ್ಸಿಗೆ ಮಂಡ್ಯಕ್ಕೆ ಹೋದರು. ಅರ್ಜಿಯ ಕಾಗದದಲ್ಲಿ ವಾರ್ಷಿಕ ಆದಾಯವೆಂಬ ಕಡೆ ಮುದ್ದಾದ ಅಕ್ಷರಗಳಲ್ಲಿ ಮೊಬಲಗನ್ನು ಬರೆದು, ಅದರ ಕೆಳಗೆ ಜಾಗವಿಲ್ಲದಿದ್ದರೂ ತಂದೆಯವರ ವಿದ್ವತ್ ಪದವಿಯನ್ನು ಸೇರಿಸಿದರು. ಗುಮಾಸ್ತನು "ಇದು ಬೇಕಾಗಿಲ್ಲ, ಸ್ವಾಮಿ" ಎಂದನು. "ಇರಲಿ" ಎಂದರು ಶಾಸ್ತ್ರಿಗಳು. ಆದಾಯದ ಕಾಗದವು ಕೈಗೆ ಬರುವುದಕ್ಕೆ ನಾಲ್ಕು ಸಾರಿ ತಿರುಗಬೇಕಾಯಿತು. ಅದು ಎಲ್ಲರಿಗೂ ಆಗುವುದೇ, ಅದನ್ನು ಬೆಳೆಸುವುದು ಬೇಡ.

ಹುಡುಗಿಯು ಮೈಸೂರಿಗೆ ಹೊರಡುವ ಹಿಂದಿನ ದಿನ ತಾಯಿಯು ಪೆಟ್ಟಿಗೆಯನ್ನು ತೆರೆದು, ಶಾಲಿನ ಜೋಡಿಯಲ್ಲಿ ಒಂದನ್ನು ತೆಗೆದು ಮಗಳ ಚೀಲದ ಮೇಲಿಟ್ಟರು. ಹೊಸ ಹೊದಿಕೆಯನ್ನು ಕೊಳ್ಳಲು ಹಣವಿರಲಿಲ್ಲ. ವಿದ್ಯಾರ್ಥಿನಿಲಯದ ಕಲ್ಲುನೆಲವು ತಣ್ಣಗಿರುವುದೆಂದು ಕೇಳಿದ್ದರು. ಶಾಸ್ತ್ರಿಗಳು ಬಾಗಿಲಲ್ಲಿ ನಿಂತು ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹತ್ತಿರ ಬಂದು, ಶಾಲಿನ ಅಂಚನ್ನು ಮೂಸಿ, "ಪೆಟ್ಟಿಗೆಯ ವಾಸನೆ ಇದೆ. ಒಂದು ಗಳಿಗೆ ಬಿಸಿಲಿಗೆ ಹಾಕು" ಎಂದರು.