ಕೀಲೆಣ್ಣೆ ಬೇಡದ ಕೀಲು

ನಮ್ಮಜ್ಜನ ಗಾಡಿಯ ಅಡಿಯಲ್ಲಿ ಒಂದು ಬಿದಿರಿನ ಗೊಟ್ಟ ನೇತಾಡುತ್ತಿತ್ತು. ಅದರ ತುಂಬ ಕೀಲೆಣ್ಣೆ. ಅಚ್ಚು ಕಿರುಗುಟ್ಟಿತೋ, ಅಜ್ಜ ಗಾಡಿ ನಿಲ್ಲಿಸಿ, ಕಡಾಣಿ ಕಿತ್ತು, ಎಣ್ಣೆ ಸವರಿ ಮತ್ತೆ ಎತ್ತುಗಳ ಬೆನ್ನು ತಟ್ಟುತ್ತಿದ್ದರು. ಸದ್ದು ಬಂದಲ್ಲಿ ಎಣ್ಣೆ ಬಿಡು: ಯಂತ್ರಗಳ ವಿಷಯದಲ್ಲಿ ನಾನು ಕಲಿತ ಮೊದಲ ಪಾಠವೇ ಅದು. ಐವತ್ತು ದಾಟಿದ ಮೇಲೆ, ಆಕ್ಸ್‌ಫರ್ಡ್‌ಶೈರ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಕಾರಿನಡಿ ಅಂಗಾತ ಮಲಗಿದ್ದಾಗ ಆ ಪಾಠ ಕೈಕೊಟ್ಟಿತು.

ಕಾರು ಎಂಜಿಬಿ, 1971ರದು. ನನಗಿಂತ ಎರಡು ವರ್ಷ ಹಿರಿದು. 1962ರಿಂದ 1980ರವರೆಗೆ ಇಲ್ಲೇ ಅಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಈಗ ಆ ಕಾರ್ಖಾನೆ ಇಲ್ಲ, ಕಾರುಗಳು ಮಾತ್ರ ಊರೂರಿನ ಗ್ಯಾರೇಜುಗಳಲ್ಲಿ ಟಾರ್ಪಾಲು ಹೊದ್ದು ಮಲಗಿವೆ. ನಲವತ್ತು ದಾಟಿದ, ಹೆಚ್ಚು ಬದಲಾವಣೆ ಕಾಣದ ಕಾರಿಗೆ ಈ ದೇಶದಲ್ಲಿ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ನಲವತ್ತು ದಾಟಿದ ಮನುಷ್ಯನಿಗೋ, ತಪಾಸಣೆಗೆ ಬನ್ನಿ ಎಂದು ಕಾಗದ ಬರುತ್ತದೆ. ಹಾಗಾಗಿ ನನ್ನ ಮಂಡಿಯ ಸವೆತ ಡಾಕ್ಟರಿಗೆ ಗೊತ್ತಾಯಿತು. ಕಾರಿನ ಸವೆತವನ್ನು ನಾನೇ ಕಿವಿಯಿಂದ ಪತ್ತೆ ಮಾಡಬೇಕಾಯಿತು.

ಮೊದಲು ಸಣ್ಣಗೆ ಕಿರ್ ಅಂದಿತು. ಅಜ್ಜನ ಮೊಮ್ಮಗನಲ್ಲವೇ, ಎಣ್ಣೆ ಬಿಟ್ಟೆ. ಮೂರು ತಿಂಗಳಿಗೆ ಕಿರ್ ಹೋಗಿ ಟಕ್ ಬಂತು. ಕ್ಲಚ್ ಬಿಟ್ಟಾಗಲೆಲ್ಲ ಹಿಂದಿನಿಂದ ಯಾರೋ ಬಾಗಿಲು ತಟ್ಟಿದಂತೆ. ಗುದ್ದಲಿಯಷ್ಟು ದಪ್ಪನೆಯ ಕೈಗಳ, ನಿವೃತ್ತ ಫಿಟ್ಟರ್ ಆದ ಪಕ್ಕದ ಮನೆಯ ಹಿರಿಯರು ಬಗ್ಗಿ ನೋಡಿ ಕೇಳಿದರು: “ಎಣ್ಣೆ ಹಾಕಿದವರು ಯಾರು?” ನಾನು ಮಾತಾಡಲಿಲ್ಲ.

ಈ ಕಾರಿನ ಹಿಂಭಾಗ ಕೂತಿರುವುದು ನಮ್ಮ ಲಾರಿಗಳಂತೆ ಕಮಾನುಪಟ್ಟೆಗಳ ಮೇಲೆ. ಪಟ್ಟೆಯ ಮುಂತುದಿಯನ್ನು ಬಳೆಯ ಹಾಗೆ ಸುತ್ತಿರುತ್ತಾರೆ. ಆ ಬಳೆಯೊಳಗೆ ಬಿಗಿಯಾಗಿ ಬುಶ್. ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಅಜ್ಜನ ಅಚ್ಚಿನಂತೆ ಇಲ್ಲಿ ಒಂದರ ಮೇಲೊಂದು ಉಜ್ಜುವುದೇ ಇಲ್ಲ. ಚಕ್ರ ಏರಿಳಿದಾಗ ರಬ್ಬರ್ ತಾನೇ ಒಂದಿಷ್ಟು ತಿರುಚಿಕೊಂಡು, ಮತ್ತೆ ಸಡಿಲವಾಗುತ್ತದೆ. ಉಜ್ಜದ ಕಡೆ ಎಣ್ಣೆಗೆ ಕೆಲಸವಿಲ್ಲ. ಸಾಲದ್ದಕ್ಕೆ ಎಣ್ಣೆ ಕುಡಿದ ರಬ್ಬರ್ ಊದಿ, ಮೆತ್ತಗಾಗಿ, ಕೊಳೆತ ಹಣ್ಣಿನಂತಾಗುತ್ತದೆ. ನಾನು ಮದ್ದೆಂದು ಹನಿಸಿದ್ದು ವಿಷವಾಗಿತ್ತು.

ಸತ್ತ ಬುಶ್ಶನ್ನು ತೆಗೆಯುವುದೇನು ಮಹಾ ಎಂದುಕೊಂಡು ಶನಿವಾರ ಬೆಳಿಗ್ಗೆ ಶುರು ಮಾಡಿದೆ. ಮಿಲಿಮೀಟರ್ ಸ್ಪ್ಯಾನರ್ ಯಾವುದೂ ಕೂರಲಿಲ್ಲ. ಇದು ಇಂಚಿನ ಕಾಲದ ಗಾಡಿ. ಇಂಚಿನದು ತಂದು ತಿರುಗಿಸಿದರೆ ಬೋಲ್ಟ್ ಹಾಯಾಗಿ ತಿರುಗಿತು. ಕೈ ಬಿಟ್ಟೆ, ಹಾಯಾಗಿ ಹಿಂದಕ್ಕೇ ಬಂತು. ಚಳಿಗಾಲದಲ್ಲಿ ಇಲ್ಲಿಯ ರಸ್ತೆಗೆ ಚೆಲ್ಲುವ ಉಪ್ಪು ಬೋಲ್ಟನ್ನೂ ಒಳಕೊಳವೆಯನ್ನೂ ಬೆಸೆದುಬಿಟ್ಟಿತ್ತು. ನಾನು ತಿರುಗಿಸುತ್ತಿದ್ದದ್ದು ಬೋಲ್ಟನ್ನಲ್ಲ, ರಬ್ಬರನ್ನು. ಸುತ್ತಿಗೆ ಎತ್ತಿದೆ, ಬೋಲ್ಟಿನ ತುದಿ ಅಣಬೆಯಂತೆ ಅರಳಿತು, ಅಲುಗಲಿಲ್ಲ. ಸಂಜೆಯ ಹೊತ್ತಿಗೆ ಎರಡೂ ಪಕ್ಕ ಗರಗಸ ತೂರಿಸಿ ಬೋಲ್ಟನ್ನೇ ಕತ್ತರಿಸಿ ಪಟ್ಟೆಯನ್ನು ಹೊರಗೆಳೆದೆ.

ಮಾರನೆಯ ಶನಿವಾರ ಹಿರಿಯರು ತಾವೇ ಬಂದು ನಿಂತರು. ರಬ್ಬರಿನ ಸುತ್ತ ಡ್ರಿಲ್ಲಿನಿಂದ ಸಾಲಾಗಿ ತೂತು ಕೊರೆಸಿದರು. ನಡುವಿನ ತಿರುಳು ಬಿದ್ದುಹೋಯಿತು. ಹೊರಕೊಳವೆ ಮಾತ್ರ ಹಲಸಿನ ಅಂಟಿನಂತೆ ಬಳೆಗೆ ಕಚ್ಚಿಕೊಂಡಿತ್ತು. ಗರಗಸದ ಬ್ಲೇಡನ್ನು ಬಿಚ್ಚಿ, ಬಳೆಯೊಳಗೆ ತೂರಿಸಿ, ಮತ್ತೆ ಹಿಡಿಗೆ ಸಿಕ್ಕಿಸಿ ಒಳಗಿನಿಂದ ಹೊರಕ್ಕೆ ಕೊಯ್ಯಬೇಕು. ಕೊಳವೆ ಸೀಳಬೇಕು, ಪಟ್ಟೆಗೆ ಗೀರು ಬೀಳಬಾರದು. ಕೊನೆಯ ಚೂರನ್ನು ಚಾಣದಿಂದ ಮೆಲ್ಲಗೆ ಒಳಕ್ಕೆ ಮಡಿಸಿದಾಗ, ಐವತ್ತು ವರ್ಷ ಅಲ್ಲಾಡದೆ ಕೂತಿದ್ದದ್ದು ಬಾಳೆಯ ಸಿಪ್ಪೆಯಂತೆ ಕಳಚಿಕೊಂಡಿತು.

ಹೊಸ ಬುಶ್ ಹಿಂದಿನ ರಾತ್ರಿಯೇ ಫ್ರೀಜರ್ ಸೇರಿತ್ತು. ತಣ್ಣಗಾದ ಉಕ್ಕು ಕುಗ್ಗುತ್ತದೆ. ಕುಗ್ಗುವುದು ಕೂದಲೆಳೆಯ ಕಾಲುಭಾಗದಷ್ಟೇ ಇರಬಹುದು, ಆದರೂ ಅಷ್ಟು ಸಾಕು. ಬೆಳಿಗ್ಗೆ ಚಟ್ನಿಗೆಂದು ಕೈ ಹಾಕಿದ ಹೆಂಡತಿಯ ದನಿ ಗ್ಯಾರೇಜಿಗೇ ಕೇಳಿತು: “ರೀ, ತೆಂಗಿನತುರಿ ಪಕ್ಕ ಇದೇನ್ರೀ ಕಬ್ಬಿಣ?”

ಅದನ್ನು ಸುತ್ತಿಗೆಯಿಂದ ಹೊಡೆಯಲು ಹಿರಿಯರು ಬಿಡಲಿಲ್ಲ. ಉದ್ದನೆಯ ತಿರುಪಿನ ಸರಳು, ಎರಡು ನಟ್ಟು, ದಪ್ಪ ವಾಷರು, ಆ ಕಡೆ ಬುಶ್ ಹೊರಬಂದರೆ ಜಾಗ ಕೊಡಲು ಒಂದು ದೊಡ್ಡ ಸಾಕೆಟ್ಟು. ನಟ್ಟು ತಿರುಗಿಸಿದಷ್ಟೂ ಬುಶ್ ಅಂಗುಲ ಅಂಗುಲವಾಗಿ ಒಳಹೊಕ್ಕಿತು. ಜಾರಲೆಂದು ಸವರಿದ್ದು ಸೋಪಿನ ನೀರು. ಎಣ್ಣೆಯ ಡಬ್ಬಿಯನ್ನು ಅವರು ಆಗಲೇ ಕಪಾಟಿನ ಮೇಲಿಟ್ಟಿದ್ದರು.

ಪಟ್ಟೆ ಜೋಡಿಸಿ, ಹೊಸ ಬೋಲ್ಟ್ ಹಾಕಿ, ಮೈಯ ಬಲವೆಲ್ಲ ಹಾಕಿ ಬಿಗಿದೆ. ಕಾರು ಇನ್ನೂ ಸ್ಟ್ಯಾಂಡಿನ ಮೇಲೇ ಇತ್ತು. “ಸಡಿಲಿಸು” ಎಂದರು ಹಿರಿಯರು. ಚಕ್ರ ಗಾಳಿಯಲ್ಲಿ ಜೋತಿರುವಾಗ ಬಿಗಿದರೆ ರಬ್ಬರಿಗೆ ಅದೇ ವಿಶ್ರಾಂತಿಯ ಭಂಗಿ. ಕಾರು ನೆಲಕ್ಕಿಳಿದು ಪಟ್ಟೆ ಭಾರ ಹೊತ್ತ ಕ್ಷಣದಿಂದ ಅದು ಹಗಲೂ ರಾತ್ರಿ, ನಿಂತಲ್ಲೂ, ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಇಳಿಸಿದೆವು. ಬಂಪರನ್ನು ನಾಲ್ಕು ಸಲ ಒತ್ತಿ ಕುಲುಕಿದೆವು. ಆಮೇಲೆ ಬಿಗಿದೆ.

ಅಜ್ಜನ ಗೊಟ್ಟದಲ್ಲಿ ಇದಕ್ಕೆ ಮದ್ದಿರಲಿಲ್ಲ. ಬುಶ್ ಬದಲಿಸಲು ಹೊರಟವರು ಇದೊಂದನ್ನು ನೆನಪಿಡಿ: ಕೊನೆಯ ಬಿಗಿತ ಕಾರು ನೆಲದ ಮೇಲೆ ನಿಂತಾದ ಮೇಲೆ. ಇಷ್ಟು ಆಗಿರುವುದು ಎಡಗಡೆಯದು. ಬಲಗಡೆಯದು ಮುಂದಿನ ಶನಿವಾರ.